ಗುಣಹೊಂದಿ ಮರಳಿದ ಮಗು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯುವ ಲೇಖನವು ಪಾಠಶಾಲೆಯ ಏಳ್ಗೆಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಕುರಿತದ್ದಾಗಿರುವುದು ವಾಡಿಕೆ. ಆ ಸಂಗತಿಗಳೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿರುವುದರಿಂದ, ನಾವು ಇಲ್ಲಿ ಬೇರೊಂದು ವಿಷಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಕ್ಕಳ ತಾಯಿತಂದೆಗಳ ಮುಂದೆ ಇಡಬಯಸುತ್ತೇವೆ. ಮಿದುಳಿನಲ್ಲಿ ಗಡ್ಡೆ ಬೆಳೆದು, ಚಿಕಿತ್ಸೆಯಿಂದ ಗುಣಹೊಂದಿದ ಮಕ್ಕಳ ಮುಂದಿನ ಆರೋಗ್ಯವೇ ಆ ವಿಷಯ. ಇದು ವೈದ್ಯರು ಬರೆಯತಕ್ಕ ಲೇಖನವಲ್ಲವೇ ಎಂದು ಕೆಲವರು ಕೇಳಬಹುದು. ಚಿಕಿತ್ಸೆ ಮಾಡುವವರು ವೈದ್ಯರೇ ಸರಿ. ಆದರೆ ಚಿಕಿತ್ಸೆ ಮುಗಿದ ಮೇಲೆ ಮಗುವು ತನ್ನ ದಿನಗಳನ್ನು ಕಳೆಯುವುದು ಮನೆಯಲ್ಲಿ ಮತ್ತು ಪಾಠಶಾಲೆಯಲ್ಲಿ. ಅದರಲ್ಲಿ ಆಗುವ ಬದಲಾವಣೆಗಳನ್ನು ಮೊದಲು ಕಾಣತಕ್ಕ ಕಣ್ಣುಗಳು ತಾಯಿಯವು ಮತ್ತು ಉಪಾಧ್ಯಾಯಿನಿಯವು.

ಇದನ್ನು ಬರೆಯುವುದಕ್ಕೆ ನಮಗೆ ಇನ್ನೂ ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಬಾಲಿಕೆಯರಲ್ಲಿ ಒಬ್ಬಳು ಇಂಥ ಗಡ್ಡೆಗೆ ಚಿಕಿತ್ಸೆ ಪಡೆದು, ಬಹುಕಾಲದ ಮೇಲೆ ತರಗತಿಗೆ ಮರಳಿದಳು. ಆ ದಿನ ಬೆಳಗಿನ ಪ್ರಾರ್ಥನೆಯಲ್ಲಿ ನಾವೆಲ್ಲರೂ ದೇವರಿಗೆ ಸ್ತೋತ್ರ ಸಲ್ಲಿಸಿದೆವು. ಕಷ್ಟವು ಕಳೆಯಿತೆಂದೇ ಎಣಿಸಿದೆವು. ಮೊದಲನೆಯ ವರ್ಷ ಅವಳ ಅಂಕಗಳು ಸಾಧಾರಣವಾಗಿದ್ದವು. ಎರಡನೆಯ ವರ್ಷ ಕಡಮೆಯಾದವು. ಮೂರನೆಯ ವರ್ಷ ಮತ್ತಷ್ಟು ಇಳಿದವು. ಕೂಗಿದರೆ ಕೆಲವೊಮ್ಮೆ ತಿರುಗಿ ನೋಡಳು. ಬರೆಯಲು ಕೊಟ್ಟ ಲೆಕ್ಕವನ್ನು ಅರ್ಧಕ್ಕೆ ಬಿಡುವಳು. ಅವಳ ಪ್ರಗತಿಪತ್ರದಲ್ಲಿ “ಶ್ರದ್ಧೆ ಸಾಲದು” ಎಂದು ಬರೆದದ್ದು ನಮ್ಮದೇ ಕೈ. ಕೊನೆಗೆ ಅವಳ ತಾಯಿಯು ಆಸ್ಪತ್ರೆಯಿಂದ ಪತ್ರವೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟು, “ಟೀಚರಮ್ಮ, ಇದನ್ನು ಒಂದು ಸಲ ಓದಿ ನೋಡಿ. ಆಮೇಲೆ ನೀವು ಹೇಳಿದ ಹಾಗೆ” ಎಂದರು. ಓದಿ ನಾವು ತಲೆ ತಗ್ಗಿಸಿದೆವು. ಪ್ರಗತಿಪತ್ರದ ಆ ಮಾತನ್ನು ಹೊಡೆದುಹಾಕಿ ಸಹಿ ಮಾಡಿದೆವು. ಆದರೆ ಎರಡು ವರ್ಷ ಆ ಮಗು ಕೇಳಿದ ಮಾತುಗಳನ್ನು ಹೊಡೆದುಹಾಕುವುದು ನಮ್ಮಿಂದಾಗಲಿಲ್ಲ. ರೋಗವು ವಾಸಿಯಾಯಿತೆಂಬುದು ಒಂದು ಮಾತು; ಮಗುವು ಮೊದಲಿನಂತಾಯಿತೆಂಬುದು ಇನ್ನೊಂದು ಮಾತು. ಈ ಎರಡನ್ನೂ ಒಂದೇ ಎಂದು ತಿಳಿದದ್ದೇ ನಮ್ಮ ತಪ್ಪು. ಅದನ್ನು ಇತರರು ಮಾಡದಿರಲೆಂದು, ಅಂದಿನಿಂದ ಓದಿ ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ.

ಈ ರೋಗದ ಸ್ವರೂಪ

ಮಕ್ಕಳ ಮಿದುಳಿನ ಗಡ್ಡೆಗಳಲ್ಲಿ ಹಲವು ಬಗೆಗಳುಂಟು. ಅವುಗಳಲ್ಲಿ ಮೆಡುಲ್ಲೊಬ್ಲಾಸ್ಟೋಮ ಎಂಬುದನ್ನು ಉದಾಹರಣೆಯಾಗಿ ತೆಗೆದುಕೊಳ್ಳುವೆವು. ಇದು ಅಪರೂಪದ ರೋಗ. 10 ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 5 ಮಂದಿಗೆ ಬರುವಂಥದು. ಹಾಗಿದ್ದರೂ ಮಕ್ಕಳ ಮಿದುಳಿನಲ್ಲಿ ಹುಟ್ಟುವ ಮಾರಕ ಗಡ್ಡೆಗಳಲ್ಲಿ ಹೆಚ್ಚಾಗಿ ಕಂಡುಬರುವುದು ಇದೇ. ತಲೆಯ ಹಿಂಭಾಗದಲ್ಲಿ, ನಡಿಗೆಯ ಸಮತೋಲವನ್ನೂ ಕೈಕಾಲುಗಳ ಚಲನೆಯ ಹದವನ್ನೂ ಕಾಯುವ ಚಿಕ್ಕ ಮಿದುಳಿನ ಪ್ರದೇಶದಲ್ಲಿ ಇದು ಬೆಳೆಯುವುದು. ಮಿದುಳಿನ ಒಳಗೂ ಸುತ್ತಲೂ ಹರಿಯುವ ತಿಳಿನೀರಿನ ದಾರಿಯನ್ನು ಗಡ್ಡೆಯು ಅಡ್ಡಗಟ್ಟಿದಾಗ ತಲೆಯೊಳಗಿನ ಒತ್ತಡವು ಏರುವುದು. ಬೆಳಗ್ಗೆ ಏಳುವಾಗ ತಲೆನೋವು, ವಾಂತಿ, ತೂರಾಡುವ ನಡಿಗೆ, ಎರಡೆರಡಾಗಿ ಕಾಣುವ ದೃಷ್ಟಿ, ಇವು ಅದರ ಲಕ್ಷಣಗಳು. ತಲೆನೋವು ಬಂದ ಮಕ್ಕಳಿಗೆಲ್ಲ ಗಡ್ಡೆ ಇರುವುದೆಂದು ಯಾರೂ ಹೆದರಬೇಕಾದದ್ದಿಲ್ಲ. ಆದರೆ ಬೆಳಗಿನ ತಲೆನೋವೂ ವಾಂತಿಯೂ ತೂರಾಟವೂ ಜೊತೆಗೂಡಿ ದಿನದಿನಕ್ಕೆ ಹೆಚ್ಚುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಈ ಗಡ್ಡೆಗೆ ಹೆಸರು ಬಂದದ್ದು 1925ರಲ್ಲಿ. ಹೆಸರಿಟ್ಟವರು ಅಮೆರಿಕದ ಪರ್ಸಿವಲ್ ಬೈಲಿ ಮತ್ತು ಹಾರ್ವೆ ಕುಶಿಂಗ್ ಎಂಬ ವೈದ್ಯರು. ಕುಶಿಂಗರು ಆ ಕಾಲದ ಅತ್ಯಂತ ನಿಪುಣ ಶಸ್ತ್ರವೈದ್ಯರಲ್ಲೊಬ್ಬರು. ಅಂಥವರು 1930ರಲ್ಲಿ ಪ್ರಕಟಿಸಿದ 61 ರೋಗಿಗಳ ವೃತ್ತಾಂತದಲ್ಲಿ ಮೂರು ವರ್ಷದ ಮೇಲೆ ಜೀವದಿಂದಿದ್ದವರು ಒಬ್ಬರೇ. ಗಡ್ಡೆಯನ್ನು ತೆಗೆದರೂ ಅದರ ಕಣಗಳು ತಿಳಿನೀರಿನೊಡನೆ ಬೆನ್ನುಹುರಿಯವರೆಗೆ ಹರಿದು ಅಲ್ಲಲ್ಲಿ ಬೇರೂರುತ್ತಿದ್ದುದೇ ಇದಕ್ಕೆ ಕಾರಣ. ಹಾಗಾದರೆ ಮಿದುಳಿಗೂ ಬೆನ್ನುಹುರಿಗೂ ಸಮಗ್ರವಾಗಿ ಕಿರಣಚಿಕಿತ್ಸೆ ಕೊಡಬೇಕೆಂಬುದನ್ನು ಆಚರಣೆಗೆ ತಂದು, ಅದರ ಫಲವನ್ನು 1953ರಲ್ಲಿ ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯರಾದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಎಡಿತ್ ಪ್ಯಾಟರ್ಸನ್ ಎಂಬ ವೈದ್ಯೆ. ಹೆಣ್ಣುಮಕ್ಕಳ ಪಾಠಶಾಲೆಯ ಸಂಚಿಕೆಯಲ್ಲಿ ಈ ಹೆಸರನ್ನು ಬರೆಯುವುದು ನಮಗೆ ಸಂತೋಷದ ಸಂಗತಿ. ಮುಂದೆ ಔಷಧಗಳ ಚಿಕಿತ್ಸೆಯೂ ಇದಕ್ಕೆ ಕೂಡಿತು. ಇಂದು ಒಳ್ಳೆಯ ಚಿಕಿತ್ಸೆ ದೊರೆತಲ್ಲಿ, ಗಡ್ಡೆಯು ಹರಡದೆ ಪೂರ್ಣವಾಗಿ ತೆಗೆಯಲ್ಪಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 80 ಮಂದಿ ಐದು ವರ್ಷಗಳ ಮೇಲೆಯೂ ಬದುಕಿರುವರು.

ಉಳಿವಿಗೆ ತೆತ್ತ ಬೆಲೆ

ಒಬ್ಬರು ಉಳಿಯುತ್ತಿದ್ದಲ್ಲಿ ಬಹುಮಂದಿ ಉಳಿದರೆಂಬುದು ಸಣ್ಣ ಮಾತಲ್ಲ. ಆದರೆ ಗಡ್ಡೆಯನ್ನು ಕೊಲ್ಲುವ ಕಿರಣಕ್ಕೆ ಗಡ್ಡೆ ಯಾವುದು, ಬೆಳೆಯುವ ಎಳೆಯ ಮಿದುಳು ಯಾವುದು ಎಂಬ ಭೇದವು ಪೂರ್ಣವಾಗಿ ತಿಳಿಯದು. ಹಾಗಿದ್ದರೆ ಕಿರಣವನ್ನು ಕಡಮೆ ಮಾಡಬಾರದೇ ಎಂದು ತಾಯಿತಂದೆಗಳು ಕೇಳುವುದು ಸಹಜ. ವೈದ್ಯರೂ ಇದನ್ನೇ ಕೇಳಿಕೊಂಡರು. ಗ್ರೇ ಎಂಬುದು ಕಿರಣದ ಪ್ರಮಾಣವನ್ನು ಅಳೆಯುವ ಮಾನ. ಹಿಂದೆ ಮಿದುಳಿಗೂ ಬೆನ್ನಿಗೂ 36 ಗ್ರೇ ಕೊಡುತ್ತಿದ್ದರು. ಔಷಧಗಳು ಕೂಡಿದ ಮೇಲೆ, ರೋಗವು ಹರಡದ ಮಕ್ಕಳಿಗೆ ಇದನ್ನು 23.4 ಗ್ರೇಗೆ ಇಳಿಸಿದರು. ಇನ್ನೂ ಇಳಿಸಬಹುದೇ ಎಂದು ಮೂರರಿಂದ ಏಳು ವರ್ಷದ ಮಕ್ಕಳಲ್ಲಿ 18 ಗ್ರೇಯನ್ನು ಪರೀಕ್ಷಿಸಿ, ಅದರ ಫಲವನ್ನು 2021ರಲ್ಲಿ ಪ್ರಕಟಿಸಿದರು. 23.4 ಗ್ರೇ ಪಡೆದವರಲ್ಲಿ ರೋಗವು ಮರುಕಳಿಸದೆ ಐದು ವರ್ಷ ಕಳೆದವರು ನೂರಕ್ಕೆ ಸುಮಾರು 83. 18 ಗ್ರೇ ಪಡೆದವರಲ್ಲಿ ಸುಮಾರು 71. ಹೀಗೆ ಒಂದು ಕಡೆ ಜೀವ, ಇನ್ನೊಂದು ಕಡೆ ಜೀವನದ ಸೌಕರ್ಯ ಎಂಬ ತಕ್ಕಡಿಯನ್ನು ವೈದ್ಯರು ಹಿಡಿದಿರುವರು. ಚಿಕಿತ್ಸೆಯಿಂದ ಮಗುವಿಗೆ ಹೀಗಾಯಿತಲ್ಲಾ ಎಂದು ತಮ್ಮನ್ನೇ ಹಳಿದುಕೊಳ್ಳುವ ತಾಯಂದಿರು ಈ ಮಾತನ್ನು ನೆನಪಿನಲ್ಲಿಡಬೇಕು. ಆ ಚಿಕಿತ್ಸೆ ಇಲ್ಲದಿದ್ದರೆ ಹಳಿದುಕೊಳ್ಳುವುದಕ್ಕೆ ಮಗುವೇ ಇರುತ್ತಿರಲಿಲ್ಲ.

ಆ ಬೆಲೆಯು ಯಾವ ಯಾವ ರೂಪದಲ್ಲಿ ಕಾಣಿಸಿಕೊಳ್ಳುವುದೆಂಬುದನ್ನು ಒಂದೊಂದಾಗಿ ಹೇಳುವೆವು. ಎಲ್ಲ ಮಕ್ಕಳಿಗೂ ಎಲ್ಲವೂ ಆಗುವುದಿಲ್ಲವೆಂಬುದನ್ನು ಓದುವವರು ಮರೆಯಬಾರದು.

ಮೊದಲನೆಯದು ಕಲಿಕೆ. ಚಿಕಿತ್ಸೆಯಾದ ಮಕ್ಕಳ ಬುದ್ಧಿಶಕ್ತಿಯ ಅಂಕವು ವರ್ಷವರ್ಷಕ್ಕೆ ಇಳಿಯುತ್ತ ಹೋಗುವುದನ್ನು ಕಂಡವರು, ಮಗು ಕಲಿತದ್ದನ್ನು ಮರೆಯುತ್ತಿದೆ ಎಂದು ಎಣಿಸುತ್ತಿದ್ದರು. ಅಮೆರಿಕದ ಮೆಂಫಿಸ್ ನಗರದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯವರು 2001ರಲ್ಲಿ ಪ್ರಕಟಿಸಿದ ಅಧ್ಯಯನವು ಹಾಗಲ್ಲವೆಂದು ತೋರಿಸಿತು. ಮಗು ಹಿಂದೆ ಕಲಿತದ್ದನ್ನು ಕಳೆದುಕೊಂಡಿರುವುದಿಲ್ಲ; ಹೊಸದನ್ನು ಓರಗೆಯವರಷ್ಟು ವೇಗವಾಗಿ ಕಲಿಯಲಾರದು. ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಕೊಡದೊಳಗಿನ ನೀರು ಸೋರಿಲ್ಲ. ಸೇದುವ ಕೈ ನಿಧಾನವಾಗಿದೆ. ಬುದ್ಧಿಶಕ್ತಿಯ ಅಂಕವನ್ನು ಅದೇ ವಯಸ್ಸಿನ ಇತರ ಮಕ್ಕಳೊಡನೆ ಹೋಲಿಸಿ ಹಾಕುವುದರಿಂದ, ಅವರು ಮುಂದೆ ಹೋದಷ್ಟೂ ಈ ಮಗುವು ಹಿಂದೆ ಬಿದ್ದಂತೆ ತೋರುವುದು. ನಮ್ಮ ಬಾಲಿಕೆಯ ಅಂಕಗಳು ಮೊದಲನೆಯ ವರ್ಷದಲ್ಲಲ್ಲದೆ ಮೂರನೆಯ ವರ್ಷದಲ್ಲಿ ಹೆಚ್ಚು ಇಳಿದದ್ದರ ಅರ್ಥವು ಆಗ ನಮಗೆ ಹೊಳೆಯಿತು.

ಇದಕ್ಕೆ ಕಾರಣವು ಮಿದುಳಿನ ರಚನೆಯಲ್ಲಿಯೇ ಇದೆ. ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಂದೇಶವನ್ನೊಯ್ಯುವ ನರತಂತುಗಳ ಮೇಲೆ ಕೊಬ್ಬಿನಂಥ ಬಿಳಿಯ ಹೊದಿಕೆಯುಂಟು. ಈ ಹೊದಿಕೆಯಿಂದಲೇ ಸಂದೇಶವು ಶೀಘ್ರವಾಗಿ ಸಾಗುವುದು. ಬಾಲ್ಯವೆಲ್ಲ ಇದು ಬೆಳೆಯುತ್ತಲೇ ಇರುವುದು; ಕಿರಣವು ಆ ಬೆಳವಣಿಗೆಯನ್ನು ಕುಗ್ಗಿಸುವುದು. ಆದಕಾರಣ ಚಿಕಿತ್ಸೆಯಾದಾಗ ಮಗುವು ಎಷ್ಟು ಚಿಕ್ಕದೋ ತೊಂದರೆಯು ಅಷ್ಟು ಹೆಚ್ಚು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಔಷಧಗಳನ್ನೇ ಮುಂದಿಟ್ಟುಕೊಂಡು ಕಿರಣವನ್ನು ತಪ್ಪಿಸಲು ಅಥವಾ ಮುಂದೂಡಲು ವೈದ್ಯರು ಯತ್ನಿಸುವುದು ಇದರಿಂದಲೇ. ತರಗತಿಯಲ್ಲಿ ಇದು ಗಮನದ ಕೊರತೆಯಾಗಿ, ನಿಧಾನವಾಗಿ, ಎರಡು ಮೂರು ಸೂಚನೆಗಳನ್ನು ಒಟ್ಟಿಗೆ ಕೊಟ್ಟಾಗ ಮೊದಲನೆಯದನ್ನು ಮಾತ್ರ ಹಿಡಿದುಕೊಳ್ಳುವುದಾಗಿ ಕಾಣುವುದು. ಇದನ್ನು ಸೋಮಾರಿತನವೆಂದು ಕರೆಯುವುದು ಕುಂಟುವವನನ್ನು ಓಡಲೊಲ್ಲನೆಂದು ಗದರಿದಂತೆ.

ಎರಡನೆಯದು ಕಿವಿ. ಈ ರೋಗಕ್ಕೆ ಕೊಡುವ ಸಿಸ್‌ಪ್ಲಾಟಿನ್ ಎಂಬ ಔಷಧವು ಒಳಗಿವಿಯ ಸೂಕ್ಷ್ಮ ಕಣಗಳನ್ನು ಕೆಡಿಸಬಲ್ಲುದು. ಒಮ್ಮೆ ಕೆಟ್ಟ ಆ ಕಣಗಳು ಮತ್ತೆ ಹುಟ್ಟವು. ಮೊದಲು ಹೋಗುವುದು ಎತ್ತರದ ಸ್ವರಗಳ ಕೇಳ್ಮೆ. ಆಗ ಮಗುವಿಗೆ ಮಾತಿನ ಸದ್ದು ಕೇಳಿಸುವುದು. ಆದರೆ ಸ, ಷ, ಚ ಮುಂತಾದ ಅಕ್ಷರಗಳು ಸ್ಪಷ್ಟವಾಗವು. ಮನೆಯೊಳಗೆ ಎದುರಿಗೆ ಕುಳಿತು ಮಾತಾಡಿದರೆ ಸರಿಯಾಗಿಯೇ ಉತ್ತರ ಕೊಡುವುದು. ನಲವತ್ತು ಮಕ್ಕಳ ಗದ್ದಲದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತಾಗ ಅರ್ಧ ಪಾಠವನ್ನು ಊಹೆಯಿಂದ ತುಂಬಿಕೊಳ್ಳಬೇಕಾಗುವುದು. ಕರೆದಾಗ ಒಮ್ಮೆ ಬಂದು, ಇನ್ನೊಮ್ಮೆ ಬಾರದಿರುವ ಮಗುವನ್ನು ಹಟಮಾರಿಯೆಂದು ತಿಳಿಯುವುದು ಇಲ್ಲಿಯೇ. ಈ ಕೇಳ್ಮೆಯ ನಷ್ಟವು ಚಿಕಿತ್ಸೆ ಮುಗಿದ ಮೇಲೆಯೂ ಹೆಚ್ಚಬಹುದಾದ್ದರಿಂದ ಕಿವಿಯ ಪರೀಕ್ಷೆಯನ್ನು ಹಲವು ವರ್ಷ ನಡೆಸತಕ್ಕದ್ದು.

ಮೂರನೆಯದು ಬೆಳವಣಿಗೆ. ಮಿದುಳಿನ ತಳದಲ್ಲಿ ಪಿಟ್ಯುಟರಿ ಎಂಬ ಬಟಾಣಿಯಷ್ಟು ಸಣ್ಣ ಗ್ರಂಥಿಯುಂಟು. ದೇಹದ ಇತರ ಗ್ರಂಥಿಗಳಿಗೆ ಅಪ್ಪಣೆ ಕೊಡುವುದು ಇದೇ. ಕಿರಣದಿಂದ ಇದರ, ಮತ್ತು ಇದನ್ನು ಆಳುವ ಮಿದುಳಿನ ಭಾಗದ, ಶಕ್ತಿಯು ಕುಂದಿದಾಗ ಮೊದಲು ಕೊರತೆಯಾಗುವುದು ಸಾಮಾನ್ಯವಾಗಿ ಬೆಳವಣಿಗೆಯ ಹಾರ್ಮೋನು. ಬೆನ್ನಿಗೆ ಕಿರಣ ಕೊಟ್ಟದ್ದರಿಂದ ಬೆನ್ನೆಲುಬಿನ ಮಣಿಗಳೂ ಕಡಮೆ ಬೆಳೆಯುವುವು. ಆದಕಾರಣ ಕಾಲುಗಳಿಗಿಂತ ಮುಂಡವು ಗಿಡ್ಡವಾಗಿ ತೋರಬಹುದು. 1985ರಿಂದ ಈ ಹಾರ್ಮೋನನ್ನು ಕೃತಕವಾಗಿ ತಯಾರಿಸುತ್ತಿರುವರು. ತಕ್ಕ ಮಕ್ಕಳಿಗೆ ವೈದ್ಯರು ಅದನ್ನು ಚುಚ್ಚುಮದ್ದಾಗಿ ಕೊಡುವರು. ಥೈರಾಯ್ಡ್ ಗ್ರಂಥಿಯೂ ಕುಂದಬಹುದು. ಆಗ ಆಯಾಸ, ಮೈ ತಣ್ಣಗಾಗುವುದು, ಮಲಬದ್ಧತೆ, ಮಂಕು ಇವು ಕಾಣುವುವು. ದಿನಕ್ಕೊಂದು ಮಾತ್ರೆಯಿಂದ ಇದನ್ನು ಸರಿಪಡಿಸಬಹುದು. ಮಂಕನ್ನು ಸ್ವಭಾವವೆಂದು ಬಿಟ್ಟರೆ ಆ ಒಂದು ಮಾತ್ರೆಯೂ ಮಗುವಿಗೆ ತಪ್ಪುವುದು.

ಹೆಣ್ಣುಮಕ್ಕಳ ತಾಯಂದಿರಿಗೆ ಇಲ್ಲಿ ಒಂದು ಮಾತು. ಇಂಥ ಬಾಲಿಕೆಯು ಮೈನೆರೆಯುವ ಕಾಲವು ಮುಂಚಿತವಾಗಿಯೋ ತಡವಾಗಿಯೋ ಬರಬಹುದು. ಬೆನ್ನಿನ ಕಿರಣದಿಂದಲೂ ಕೆಲವು ಔಷಧಗಳಿಂದಲೂ ಅಂಡಾಶಯಗಳಿಗೆ ಹಾನಿಯಾಗಿರುವ ಸಂಭವವೂ ಉಂಟು. ಇದನ್ನು ನಾಚಿಕೆಯಿಂದ ಮುಚ್ಚಿಡದೆ ವೈದ್ಯರೊಡನೆ ಮಾತಾಡಬೇಕು. ವಯಸ್ಸಿಗೆ ತಕ್ಕಂತೆ ಮಗಳೊಡನೆಯೂ ಮಾತಾಡಬೇಕು.

ನಾಲ್ಕನೆಯದು ಮಾತು ಮತ್ತು ನಡೆ. ಶಸ್ತ್ರಚಿಕಿತ್ಸೆಯಾದ ಒಂದೆರಡು ದಿನಗಳಲ್ಲಿ, ಸುಮಾರು ನಾಲ್ವರಲ್ಲಿ ಒಬ್ಬ ಮಗುವಿಗೆ ಮಾತು ನಿಂತುಹೋಗುವುದು. ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇದ್ದು ಮಾತು ಮರಳುವುದು. ಆದರೆ ಮರಳಿದ ಮಾತು ಬಹುಕಾಲ ತಡೆತಡೆದು ಬರಬಹುದು. ಕೈ ನಡುಗುವುದರಿಂದ ಅಕ್ಷರವು ಸೊಟ್ಟಗಾಗುವುದು, ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯಬೇಕಾಗುವುದು, ಮಧ್ಯಾಹ್ನವಾಗುವಷ್ಟರಲ್ಲಿ ದಣಿವಾಗುವುದು.

ಐದನೆಯದು ಬಹುವರ್ಷಗಳ ಮೇಲೆ ಬರತಕ್ಕವು. ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ, 1970ರಿಂದ 1986ರ ವರೆಗೆ ಬಾಲ್ಯದಲ್ಲಿ ನಾನಾ ವಿಧದ ಕ್ಯಾನ್ಸರಿನಿಂದ ನರಳಿ ಉಳಿದವರನ್ನು ದೊಡ್ಡವರಾಗುವ ತನಕ ಹಿಂಬಾಲಿಸಿ ನೋಡಿದ ಅಧ್ಯಯನವೊಂದುಂಟು. ಅವರಲ್ಲಿ 10,397 ಮಂದಿಯ ಸ್ಥಿತಿಯನ್ನು 2006ರಲ್ಲಿ ಪ್ರಕಟಿಸಿದರು. ನೂರಕ್ಕೆ ಸುಮಾರು 62 ಮಂದಿಗೆ ಒಂದಾದರೂ ದೀರ್ಘಕಾಲದ ಕಾಯಿಲೆ ಇತ್ತು. ಸುಮಾರು 27 ಮಂದಿಗೆ ಅದು ತೀವ್ರವಾದದ್ದಾಗಿತ್ತು. ಮಿದುಳಿನ ಗಡ್ಡೆಯಿಂದ ಉಳಿದವರು ಹೆಚ್ಚಿನ ಅಪಾಯಕ್ಕೊಳಗಾದವರ ಗುಂಪಿನಲ್ಲಿದ್ದರು. ಕಿರಣ ಬಿದ್ದ ಸ್ಥಳದಲ್ಲಿ ಹತ್ತಿಪ್ಪತ್ತು ವರ್ಷಗಳ ಮೇಲೆ ಬೇರೊಂದು ಗಡ್ಡೆ ಹುಟ್ಟಬಹುದು. ರಕ್ತನಾಳಗಳು ಕೆಟ್ಟು ಪಾರ್ಶ್ವವಾಯು ಬರಬಹುದು. ಕಣ್ಣಿನ ಪೊರೆ ಬೇಗ ಬೆಳೆಯಬಹುದು. ಇವು ಕೆಲವರಿಗೆ ಮಾತ್ರ ಬರುವುವು. ಆದರೆ ಬೇಗ ಕಂಡರೆ ಇವುಗಳಲ್ಲಿ ಹಲವಕ್ಕೆ ಪರಿಹಾರವಿರುವುದರಿಂದ, ವರ್ಷಕ್ಕೊಮ್ಮೆಯಾದರೂ ತಪಾಸಣೆಯು ಜೀವಮಾನವೆಲ್ಲ ನಡೆಯತಕ್ಕದ್ದು.

ನಮ್ಮ ದೇಶದಲ್ಲಿ

ಭಾರತದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆಂದೇ ಮೊದಲ ವಿಭಾಗವನ್ನು 1949ರಲ್ಲಿ ತೆರೆದವರು ಡಾಕ್ಟರ್ ಜೇಕಬ್ ಚಾಂಡಿಯವರು. ತೆರೆದದ್ದು ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ. ಐಡಾ ಸ್ಕಡರ್ ಅಮ್ಮನವರು ಆರಂಭಿಸಿದ ಆ ಸಂಸ್ಥೆಯ ಹೆಸರು ನಮ್ಮ ವಿದ್ಯಾರ್ಥಿನಿಯರಿಗೆ ಚೆನ್ನಾಗಿ ತಿಳಿದದ್ದೇ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳಿವೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಚಿಕಿತ್ಸೆ ಮುಗಿಸಿದ ಮಕ್ಕಳನ್ನು ಮುಂದೆಯೂ ನೋಡಿಕೊಳ್ಳುವುದಕ್ಕಾಗಿಯೇ 1991ರಲ್ಲಿ ಪ್ರತ್ಯೇಕ ವಿಭಾಗವನ್ನು ಆರಂಭಿಸಿದರು. 2019ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಪ್ರೋಟಾನ್ ಚಿಕಿತ್ಸಾಕೇಂದ್ರವು ತೆರೆಯಿತು. ಪ್ರೋಟಾನ್ ಕಿರಣವು ಗುರಿಯನ್ನು ಮುಟ್ಟಿ ಅಲ್ಲಿಯೇ ನಿಲ್ಲುವುದರಿಂದ, ಬೆನ್ನೆಲುಬಿನ ಮುಂದಿರುವ ಹೃದಯ, ಥೈರಾಯ್ಡ್, ಕರುಳು ಮುಂತಾದವುಗಳಿಗೆ ತಗಲುವುದು ಕಡಮೆ. ಅದರ ವೆಚ್ಚವು ಮಾತ್ರ ಅಧಿಕ.

ಆದರೆ ಆಸ್ಪತ್ರೆಗಳಿದ್ದರೂ ನಮ್ಮಲ್ಲಿ ಒಂದು ಅಡ್ಡಿಯುಂಟು. ಹೆಣ್ಣುಮಗುವಿಗೆ ಇಂಥ ರೋಗ ಬಂದಿತ್ತೆಂದು ತಿಳಿದರೆ ಮುಂದೆ ಯಾರು ಕೈಹಿಡಿಯುವರು ಎಂಬ ಭಯದಿಂದ ಮನೆಯವರು ಕಾಗದಪತ್ರಗಳನ್ನು ಪೆಟ್ಟಿಗೆಯ ತಳದಲ್ಲಿ ಬಚ್ಚಿಡುವರು; ಕೆಲವರು ಸುಟ್ಟೂಬಿಡುವರು. ಭಯವನ್ನು ನಾವು ಅರಿಯದವರಲ್ಲ. ಆದರೆ ಹತ್ತು ವರ್ಷದ ಮೇಲೆ ಆ ಹೆಣ್ಣುಮಗಳು ಬೇರೊಂದು ಊರಿನಲ್ಲಿ ತಲೆನೋವೆಂದು ವೈದ್ಯರ ಮುಂದೆ ಕುಳಿತಾಗ, ತನಗೆ ಯಾವ ಔಷಧ, ಎಷ್ಟು ಕಿರಣ ಕೊಟ್ಟಿದ್ದರೆಂದು ಹೇಳಲಾರದೆ ಹೋದರೆ, ಆ ಮರೆಮಾಚುವಿಕೆಯ ಬೆಲೆಯನ್ನು ತೆರುವವಳು ಅವಳೇ.

ನಾವು ಮಾಡತಕ್ಕದ್ದು

ತಾಯಿತಂದೆಗಳು ಚಿಕಿತ್ಸೆ ಮುಗಿದ ದಿನವೇ, ರೋಗದ ಹೆಸರು, ಶಸ್ತ್ರಚಿಕಿತ್ಸೆಯ ದಿನಾಂಕ, ಔಷಧಗಳು, ಕಿರಣದ ಪ್ರಮಾಣ ಮತ್ತು ಸ್ಥಳ, ಮುಂದೆ ಮಾಡಿಸಬೇಕಾದ ಪರೀಕ್ಷೆಗಳು ಇವೆಲ್ಲವನ್ನೂ ಬರೆದ ಪತ್ರವನ್ನು ವೈದ್ಯರಿಂದ ಕೇಳಿ ಪಡೆಯಬೇಕು. ಅದರ ಒಂದು ಪ್ರತಿಯನ್ನು ಮಗಳು ದೊಡ್ಡವಳಾದಾಗ ಅವಳ ಕೈಗೇ ಕೊಡಬೇಕು. ಎತ್ತರವನ್ನು ನಿಲ್ಲಿಸಿಯೂ ಕೂರಿಸಿಯೂ ಅಳೆದು ಬರೆದಿಡಬೇಕು. ಪಾಠಶಾಲೆಗೆ ಸಂಗತಿಯನ್ನು ಮುಚ್ಚದೆ ತಿಳಿಸಬೇಕು.

ಉಪಾಧ್ಯಾಯಿನಿಯರು ಅಂಥ ಮಗುವನ್ನು ಮುಂದಿನ ಬೆಂಚಿನಲ್ಲಿ, ತಮ್ಮ ಮುಖ ಕಾಣುವಂತೆ ಕೂರಿಸಬೇಕು. ಕಪ್ಪುಹಲಗೆಯತ್ತ ತಿರುಗಿಕೊಂಡು ಪಾಠ ಹೇಳಬಾರದು. ಒಂದು ಸಲಕ್ಕೆ ಒಂದೇ ಸೂಚನೆ ಕೊಡಬೇಕು. ಹತ್ತು ಲೆಕ್ಕಗಳ ಬದಲು ಐದನ್ನು ಕೊಟ್ಟು ಅವನ್ನು ಪೂರ್ಣ ಮಾಡಿಸಬೇಕು. ಟಿಪ್ಪಣಿಯನ್ನು ಬರೆದುಕೊಳ್ಳಲಾರದ ಮಗುವಿಗೆ ಬರೆದ ಪ್ರತಿಯನ್ನು ಕೊಡಬೇಕು. ಅಂಕವು ಇಳಿಯುವ ತನಕ ಕಾಯದೆ ವರ್ಷವರ್ಷವೂ ಕಲಿಕೆಯ ಪರೀಕ್ಷೆ ಮಾಡಿಸಬೇಕು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳನ್ನು ಕುರಿತ 2016ರ ಕಾಯಿದೆಯು ಕೇಳ್ಮೆಯ, ದೃಷ್ಟಿಯ ಮತ್ತು ಕಲಿಕೆಯ ಕೊರತೆಗಳನ್ನೂ ಒಳಗೊಂಡಿದೆ. ತಕ್ಕ ಪ್ರಮಾಣಪತ್ರವಿದ್ದವರು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಹೆಚ್ಚಿನ ಕಾಲಾವಕಾಶವನ್ನೂ ಬರೆಯುವವರ ಸಹಾಯವನ್ನೂ ಕೇಳಬಹುದು. ಇದು ದಯೆಯಿಂದ ಕೊಡುವ ರಿಯಾಯಿತಿಯಲ್ಲ, ಆ ಮಗುವಿಗೆ ಸಲ್ಲತಕ್ಕ ಹಕ್ಕು. ಕೊನೆಯದಾಗಿ, ಸಹಪಾಠಿಗಳಿಗೆ ಸಂಗತಿಯನ್ನು ತಿಳಿಯಹೇಳಬೇಕು. ಕೂದಲು ಉದುರಿದ್ದನ್ನೂ ಗಿಡ್ಡಗಿರುವುದನ್ನೂ ನೋಡಿ ನಗುವ ಮಕ್ಕಳು ಕೆಟ್ಟವರಲ್ಲ, ತಿಳಿಯದವರು. ತಿಳಿಸಿದ ಮೇಲೆ ಅವರೇ ಆ ಮಗುವಿನ ಚೀಲವನ್ನು ಹೊತ್ತು ಮೆಟ್ಟಿಲು ಹತ್ತಿಸಿದ್ದನ್ನು ನಾವು ಕಂಡಿದ್ದೇವೆ.

ನಮ್ಮ ಆ ಬಾಲಿಕೆಗೆ ಕಿವಿಯ ಯಂತ್ರವೂ ಥೈರಾಯ್ಡಿನ ಮಾತ್ರೆಯೂ ದೊರೆತವು. ಮುಂದಿನ ಬೆಂಚೂ ದೊರೆಯಿತು. ಪರೀಕ್ಷೆಯನ್ನು ಹೆಚ್ಚಿನ ಕಾಲಾವಕಾಶದೊಡನೆ ಬರೆದು ತೇರ್ಗಡೆಯಾದಳು. ಅವಳ ಅಂಕಗಳು ಈ ಸಂಚಿಕೆಯ ಫಲಿತಾಂಶದ ಪಟ್ಟಿಯಲ್ಲಿ ಎದ್ದುಕಾಣುವಂಥವಲ್ಲ. ಅವಳು ಪೂರ್ಣವಾಗಿ ಮೊದಲಿನಂತಾಗಲೂ ಇಲ್ಲ. ಆದರೆ ಅಂದಿನಿಂದ ಯಾರೂ ಅವಳನ್ನು ಶ್ರದ್ಧೆಯಿಲ್ಲದವಳೆನ್ನಲಿಲ್ಲ; ಅವಳೂ ತನ್ನನ್ನು ಹಾಗೆ ಅಂದುಕೊಳ್ಳುವುದನ್ನು ಬಿಟ್ಟಳು.

ಸುವಾರ್ತೆಯಲ್ಲಿ ಯಾಯೀರನ ಮಗಳ ವೃತ್ತಾಂತವನ್ನು ನಾವೆಲ್ಲರೂ ಓದಿದ್ದೇವೆ. ಹನ್ನೆರಡು ವರ್ಷದ ಆ ಹುಡುಗಿಯು ಎದ್ದು ನಡೆದಾಡಿದಾಗ ಮನೆಯವರೆಲ್ಲ ಬೆರಗಾಗಿ ನಿಂತರು. ಕರ್ತನು ಮಾತ್ರ ಅವಳಿಗೆ ಊಟಕ್ಕೆ ಕೊಡಬೇಕೆಂದು ಅವರಿಗೆ ನೆನಪು ಮಾಡಿದನು. ಬದುಕಿಸಿದ್ದು ಆತನ ಕೆಲಸ. ಉಣಿಸಿ ಬೆಳೆಸುವುದನ್ನು ಮನೆಯವರ ಕೈಗೆ ಬಿಟ್ಟನು. ಗುಣಹೊಂದಿ ಮರಳಿದ ಮಕ್ಕಳ ವಿಷಯದಲ್ಲಿ ಆ ಮನೆಯವರು ನಾವೇ. ಸ್ತೋತ್ರ ಸಲ್ಲಿಸಿ ಬೆರಗಿನಿಂದ ನಿಂತುಬಿಡದೆ, ದಿನದಿನದ ಆ ಆರೈಕೆಯನ್ನು ನಾವು ವಹಿಸಿಕೊಳ್ಳೋಣ.